ಸೈರನ್ನಿನ ಫ್ಯೂಸ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಆಸ್ಪತ್ರೆ ವಾರ್ಡಿನವರೆಲ್ಲ ಹೇಳುತ್ತಾರೆ. ಆದರೆ ಆ ಬೆಳಿಗ್ಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮನಸ್ಸು ಕೈಮೀರಿದವರ ಮನೆಗೆ ಪೊಲೀಸ್ ಜೀಪಿನ ಬದಲು ನನ್ನಂಥ ನರ್ಸ್ ಹೋಗಲಿ ಎಂದು ಆರು ವರ್ಷ ಗೋಗರೆದಿದ್ದೆ. ಕೊನೆಗೂ ಗಾಡಿ ಸಿಕ್ಕಿತ್ತು, ಮೊದಲ ಕರೆಯೂ ಬಂದಿತ್ತು!

ಕರೆ ಮಾಡಿದವಳು ಒಬ್ಬ ದರ್ಜಿಯ ಅಕ್ಕ. ಅವನು ಕತ್ತರಿ ಹಿಡಿದು ಕೋಣೆಯ ಚಿಲಕ ಹಾಕಿಕೊಂಡಿದ್ದ, ಸಾಯುತ್ತೇನೆ ಎನ್ನುತ್ತಿದ್ದ. ಹೋದ ವರ್ಷ ಹೀಗೇ ಆದಾಗ ಪೊಲೀಸರು ಸೈರನ್ ಹಾಕಿಕೊಂಡು ಬಂದು, ಕೈ ಕಟ್ಟಿ, ಬೀದಿಯೆಲ್ಲ ನೋಡುವಂತೆ ಅವನನ್ನು ಜೀಪಿಗೆ ಹತ್ತಿಸಿದ್ದರಂತೆ.

ನಮ್ಮ ನಿಯಮ ಎರಡೇ: ಸಮವಸ್ತ್ರ ಬೇಡ, ಸದ್ದು ಬೇಡ. ಆದರೆ ನಮ್ಮ ಡ್ರೈವರಣ್ಣ ಇಪ್ಪತ್ತು ವರ್ಷ ಆಂಬುಲೆನ್ಸ್ ಓಡಿಸಿದವನು. ದರ್ಜಿಯ ಬೀದಿಯ ತಿರುವಿನಲ್ಲಿ ತಳ್ಳುಗಾಡಿ ಅಡ್ಡ ಬಂದದ್ದೇ ತಡ, ಸೈರನ್ ಕೂಗಿತು.

“ಅಯ್ಯೋ ಪುಣ್ಯಾತ್ಮ! ಅಷ್ಟು ಬಡ್ಕೊಂಡಿದ್ನಲ್ಲೋ!”

“ಕೈ ತಾನಾಗೇ ಹೋಯ್ತು ಸಿಸ್ಟರ್.”

ಮೆಟ್ಟಿಲು ಹತ್ತುವಷ್ಟರಲ್ಲಿ ಕೋಣೆಯೊಳಗಿಂದ ಕಿರುಚಾಟ: “ಜೀಪ್ ಬಂತು! ಬಾಗಿಲು ಮುಟ್ಟಿದ್ರೆ ಚುಚ್ಕೋತೀನಿ!”

“ನಾನು ನರ್ಸ್ ಕಣಪ್ಪ, ಜೀಪಲ್ಲ,” ಎಂದೆ.

“ಸುಳ್ಳು! ಸೈರನ್ ಕೇಳಿಸ್ತು!”

ತಿರುಗಿ ನೋಡಿದರೆ ಡ್ರೈವರಣ್ಣ ಮೆಟ್ಟಿಲಿಳಿದು ಓಡುತ್ತಿದ್ದ. ಮಾಡೋದೆಲ್ಲ ಮಾಡಿ ಓಡಿಹೋದ ಎಂದು ಹಲ್ಲು ಕಡಿದೆ.

ಎರಡೇ ನಿಮಿಷಕ್ಕೆ ಏದುಸಿರು ಬಿಡುತ್ತಾ ಬಂದವನು ಬಾಗಿಲ ಮುಂದೆ ನೆಲದಲ್ಲೇ ಕುಳಿತ.

“ತಮ್ಮಾ, ಕೂಗಿಸಿದ್ದು ನಾನೇ, ತಪ್ಪಾಯ್ತು. ಸೈರನ್ ಫ್ಯೂಸ್ ಕಿತ್ಕೊಂಡು ಬಂದಿದೀನಿ, ನೀನೇ ಇಟ್ಕೋ. ಇನ್ನು ಅದು ಕೂಗಲ್ಲ.”

ಬೆರಳ ತುದಿಯಷ್ಟಿದ್ದ ಆ ಫ್ಯೂಸನ್ನು ಬಾಗಿಲ ಕೆಳಗಿನ ಸಂದಿಯಲ್ಲಿ ಒಳಗೆ ತಳ್ಳಿದ. ನಾನೂ ದರ್ಜಿಯ ಅಕ್ಕನೂ ಪಕ್ಕದಲ್ಲೇ ಕುಳಿತೆವು.

“ಗಾಡೀಲಿ ಯಾರ್ಯಾರಿದಾರೆ?” ಒಳಗಿನ ದನಿ ತಗ್ಗಿತ್ತು.

“ನಾನು, ಈ ಬೈಯೋ ಸಿಸ್ಟರ್. ಅಷ್ಟೇ.”

“ಕೈ ಕಟ್ತೀರಾ?”

“ಹಗ್ಗಾನೇ ತಂದಿಲ್ಲ ಕಣಪ್ಪ,” ಎಂದೆ.

“ಅಕ್ಕ ಬರ್ಬೋದಾ?”

“ನಿನ್ನ ಪಕ್ಕಾನೇ ಕೂತ್ಕೋತೀನಿ ಕಣೋ!” ಎಂದಳು ಅಕ್ಕ, ಅಳುತ್ತಲೇ.

ಸಂದಿಯಿಂದ ಕತ್ತರಿ ಹೊರಬಂತು. ದರ್ಜಿಗಳು ಇನ್ನೊಬ್ಬರಿಗೆ ಕೊಡುವ ಹಾಗೆ, ಹಿಡಿ ಮುಂದಾಗಿ. ಆಮೇಲೆ ಚಿಲಕದ ಸದ್ದು. ನನಗೆ ಅಲ್ಲೇ ಕುಣಿಯಬೇಕೆನಿಸಿತು!

ಗಾಡಿ ಸದ್ದಿಲ್ಲದೆ ಹೊರಟಿತು; ಬೀದಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅಕ್ಕನ ಪಕ್ಕ ಕುಳಿತ ಅವನ ಮುಷ್ಟಿ ಬಿಗಿಯಾಗಿತ್ತು. ಫ್ಯೂಸ್ ಅದರೊಳಗೇ ಇತ್ತು. ವಾಪಸ್ ಕೊಡು ಎಂದು ನಾವು ಕೇಳಲಿಲ್ಲ.