ಒಂದೇ ಆಳದ ಪಾಯ

ಅಪ್ಪ ಬಿಟ್ಟುಹೋದ ಸೈಟನ್ನು ಎರಡು ಪಾಲು ಮಾಡಿದವನು ತಮ್ಮ. ಪಾಲು ಮಾಡುವ ಮುಂಚೆ ಮಣ್ಣು ನೋಡಬೇಕೆಂದು ಅಲ್ಲಲ್ಲಿ ಗುಂಡಿ ತೋಡಿಸಿ, ಮತ್ತೆ ಮುಚ್ಚಿಸಿದ್ದ. ಊರಿಗೆಲ್ಲ ಮನೆ ಕಟ್ಟಿಕೊಡುವ ಕಂಟ್ರಾಕ್ಟರು ಅವನೇ ಆದ್ದರಿಂದ ಅಕ್ಕ ಕಣ್ಣು ಮುಚ್ಚಿಕೊಂಡು ಎಡಗಡೆಯ ಪಾಲಿಗೆ ಒಪ್ಪಿದಳು. ಎರಡೂ ಮನೆಗೆ ಪಾಯ ಒಂದೇ ಆಳ, ಸೊಂಟದ ಮಟ್ಟ. ಒಡಹುಟ್ಟಿದವಳಿಗೆ ಭೇದ ಮಾಡಲಿಲ್ಲ ಎಂದು ಅವನು ಹೇಳಿಕೊಂಡು ತಿರುಗಿದ; ಇವಳೂ ಕಂಡಕಂಡವರಿಗೆ ಅದನ್ನೇ ಹೇಳಿ ಹಿಗ್ಗಿದಳು, ಪೆದ್ದಿ. ಅವನ ಪಾಯದೊಳಗೆ ಇವಳು ಇಣುಕುವ ಹೊತ್ತಿಗೆ ಕಾಂಕ್ರೀಟು ಬಿದ್ದಾಗಿತ್ತು.

ಮೊದಲ ಮಳೆಗೇ ಅವಳ ನಡುಮನೆಯ ನೆಲ ಉಬ್ಬಿತು, ಬಚ್ಚಲ ಬಾಗಿಲು ಸಿಕ್ಕಿಕೊಂಡಿತು. ಬೇಸಿಗೆಗೆ ಅದೇ ಮಣ್ಣು ಕುಗ್ಗಿ, ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಪಕ್ಕದಲ್ಲಿ ತಮ್ಮನ ಮನೆಗೆ ಒಂದು ಗೀರೂ ಇಲ್ಲ. ಅವನು ವರ್ಷವರ್ಷವೂ ಸಿಮೆಂಟು ತಂದು ಮೆತ್ತುತ್ತಿದ್ದ, ಗಿಡಗಳಿಗೆ ಸಿಕ್ಕಾಪಟ್ಟೆ ನೀರು ಸುರಿಯುತ್ತೀ, ಅದಕ್ಕೇ ಹೀಗೆ ಎಂದು ಗದರುತ್ತಲೂ ಇದ್ದ. ಅಕ್ಕ ನೀರು ನಿಲ್ಲಿಸಿದಳು. ಪ್ರೀತಿಯಿಂದ ಬೆಳೆಸಿದ ಗಿಡಗಳೆಲ್ಲ ಕಣ್ಣೆದುರೇ ಒಣಗಿದವು.

ಈ ಸಲ ಅಡುಗೆಮನೆಯ ಮೂಲೆ ಕುಸಿದಾಗ ಅವಳು ತಮ್ಮನಿಗೆ ಹೇಳದೆ ಮಣ್ಣು ಪರೀಕ್ಷೆಯ ಎಂಜಿನಿಯರಮ್ಮನನ್ನು ಕರೆಸಿದಳು. ಎಂಜಿನಿಯರಮ್ಮ ಎರಡೂ ಮನೆಯ ಪಕ್ಕ ಕೊರೆಸಿದಳು. ತಮ್ಮನ ಕಡೆ ಸೊಂಟದ ಆಳಕ್ಕೇ ಬಂಡೆ. ಅಕ್ಕನ ಕಡೆ ಎರಡಾಳು ಇಳಿದರೂ ನೀರು ಕುಡಿದು ಉಬ್ಬುವ ಕರಿ ಜೇಡಿ. ಇಲ್ಲಿ ಗಟ್ಟಿ ನೆಲ ಮುಟ್ಟುವವರೆಗೆ ಕಾಂಕ್ರೀಟ್ ಕಂಬ ಇಳಿಸಬೇಕಿತ್ತು, ಗುಂಡಿ ತೋಡಿ ನೋಡಿದವರಿಗೆ ಇದು ತಿಳಿಯದೇ ಇರದು ಎಂದಳು ಆಕೆ.

ಸಂಜೆ ತಮ್ಮನನ್ನು ಕರೆದು ಎದುರು ಕೂರಿಸಿಕೊಂಡಳು.

"ಪಾಲು ಮಾಡುವಾಗಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನಿನ್ನ ಕಡೆ ಮಾತ್ರ ಆಳಕ್ಕೆ ಹೋಗಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ," ಎಂದ.

ಅಂದರೆ ಪಾಯದ ಆಳ ಗೊತ್ತುಮಾಡಿದ್ದು ಮಣ್ಣಲ್ಲ, ಇವನ ಸುಳ್ಳು.

"ಬಾಯಿಬಿಟ್ಟು ಹೇಳಿದ್ರೆ ಈ ಪಾಲು ನಾನೇ ಇಟ್ಕೋತಿದ್ದೆನಲ್ಲೋ. ಪಾಯ ಒಂದನ್ನ ಸರಿಯಾಗಿ ಹಾಕಿಸ್ಕೋತಿದ್ದೆ, ಅಷ್ಟೇ."

"ಅದೂ ಗೊತ್ತಿತ್ತು, ಅಕ್ಕ. ಆದ್ರೆ ಆಮೇಲೆ ಸಾಯೋವರೆಗೂ ನಿನ್ನ ಮುಂದೆ ತಲೆ ಬಗ್ಗಿಸ್ಕೊಂಡೇ ಇರಬೇಕಾಗ್ತಿತ್ತು."

ಅಕ್ಕನಿಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ, ಬರೀ ಹೇಸಿಗೆಯಾಯಿತು. ಚಿಕ್ಕಂದಿನಿಂದ ಅವನಿಗಾಗಿ ತಾನು ಬಿಟ್ಟುಕೊಟ್ಟದ್ದನ್ನೆಲ್ಲ ಅವನು ಹೀಗೇ ನುಂಗಲಾರದೆ ನುಂಗಿಕೊಂಡು ಬಂದಿದ್ದನೇನೋ ಎಂದು ಮೊದಲ ಸಲ ಅನ್ನಿಸಿತು. ಎದ್ದು ಮನೆಗೆ ಹೋಗು ಎಂದಳು.