ಮುಕ್ಕಾಲು ಕಿಡ್ನಿಯ ಪೂರ್ತಿ ಕೆಲಸ

ನಾನು ನಿಂಗಾಜಮ್ಮನ ಎಡಗಡೆಯ ಕಿಡ್ನಿ. ಅವಳ ತಾಯಿಯ ಹೊಟ್ಟೆಯಲ್ಲಿ ಅವಳ ಜೊತೆಗೇ ಬೆಳೆದವನು. ಮೊದಲು ಸೊಂಟದ ಕೆಳಗಿದ್ದೆ. ಜಾಗ ಹಿಡಿಸಲಿಲ್ಲವೆಂದು ನಾನೂ ನನ್ನ ಬಲಗಡೆಯ ಅಣ್ಣನೂ ಮೇಲೆ ಹತ್ತಿ, ಪಕ್ಕೆಲುಬಿನಡಿ ಬೆನ್ನಿಗೆ ಒರಗಿ ಕೂತೆವು. ಆಮೇಲೆ ನಾನು ಎಲ್ಲಿಗೂ ಹೋಗಿಲ್ಲ.

ಅಣ್ಣ ಚಿಕ್ಕಂದಿನಲ್ಲೇ ಸೋಂಕು ತಗುಲಿ ಒಣಗಿದ ಬದನೆಕಾಯಿಯಂತಾದ. ಅವನ ಕೆಲಸವೂ ನನ್ನ ಮೇಲೆ ಬಿತ್ತು. ದಿನಕ್ಕೆ ನೂರಾರು ಲೀಟರು ಸೋಸಿ ಎರಡು ಚೊಂಬು ಹೊರಗೆ ಕಳಿಸುತ್ತಿದ್ದೆ. ನಿಂಗಾಜಮ್ಮ ಮಂಡ್ಯದ ಮಾರುಕಟ್ಟೆಯಲ್ಲಿ ಗೆಡ್ಡೆ ಮಾರುವವಳು. ಹೆಂಗಸರು ಹೋಗುವ ಜಾಗ ಅಲ್ಲಿಲ್ಲವೆಂದು ಅಷ್ಟನ್ನೂ ಸಂಜೆಯವರೆಗೆ ತಡೆದಿಡುತ್ತಿದ್ದಳು. ನಾನು ದೂರು ಕೊಡಲಿಲ್ಲ.

ಅವಳ ಐವತ್ತೆರಡನೇ ವಯಸ್ಸಿಗೆ ಹೊಟ್ಟೆನೋವಿಗೆಂದು ಸ್ಕ್ಯಾನು ಮಾಡಿದರು. ಡಾಕ್ಟರ್ ವಾಸಂತಿ ಕರೆದು ಕೂರಿಸಿದರು.

"ಅಮ್ಮಾ, ನಿಮ್ಮ ಎಡಗಡೆ ಕಿಡ್ನೀಲಿ ಗಡ್ಡೆ ಇದೆ."

"ಮೂವತ್ತು ವರ್ಸದಿಂದ ಗೆಡ್ಡೆ ಮಾರ್ತಾ ಇವ್ನಿ ಡಾಕ್ಟ್ರಮ್ಮ. ಯಾವ ಜಾತಿದು?"

"ಕ್ಯಾನ್ಸರ್ ಜಾತೀದು."

ಅವಳ ಗಂಡ ಮಂಚೇಗೌಡ ಎದ್ದು ನಿಂತ. "ಬೇರು ಸಮೇತ ಕಿತ್ತಾಕ್ಬುಡಿ ಮೇಡಂ."

"ನೀ ಸುಮ್ಕಿರು. ಅದು ನಿಂದಲ್ಲ."

ಬಲಗಡೆಯದು ಮುದುಡಿಹೋಗಿದೆ, ಇದನ್ನೂ ತೆಗೆದರೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಬದುಕಿರುವಷ್ಟು ದಿನ ಎಂದು ಡಾಕ್ಟರು ವಿವರಿಸಿದರು. ಮಂಚೇಗೌಡ ಕೂತ.

"ಹುಳುಕು ಬಂದ ಸುವರ್ಣಗೆಡ್ಡೆನ ನಾ ತಿಪ್ಪೆಗೆಸೆಯಕಿಲ್ಲ," ಎಂದಳು ನಿಂಗಾಜಮ್ಮ. "ಹುಳುಕಿನ ಸುತ್ತ ಒಂದ್ ಬೆರಳು ಒಳ್ಳೇದನ್ನೂ ಸೇರ್ಸಿ ಕೊರ್ದು, ಬೂದಿ ಹಚ್ಚಿ, ಮಿಕ್ಕಿದ್ದ ಇಟ್ಕೋತೀನಿ."

"ನಾವು ಮಾಡೋದೂ ಅದೇ. ಒಂದು ಬೆರಳು ಬೇಡ, ಒಂದು ಗೆರೆಯಷ್ಟು ಸಾಕು. ಬೂದಿ ಬದಲು ಹೊಲಿಗೆ. ಆದರೆ ಒಳಗೆ ಕೈಮೀರಿದ್ರೆ ಪೂರ್ತಿ ತೆಗೀಬೇಕಾಗ್ತದೆ."

ಅವಳು ಹೆಬ್ಬೆಟ್ಟು ಒತ್ತಿದಳು. ನನ್ನನ್ನು ಯಾರೂ ಕೇಳಲಿಲ್ಲ.

ಆಪರೇಷನ್ನಿನ ದಿನ ಮೊದಲ ಬಾರಿಗೆ ಬೆಳಕು ಕಂಡೆ. ಅದರಲ್ಲಿ ಅಂಥ ವಿಶೇಷವೇನೂ ಇಲ್ಲ. ನನ್ನ ರಕ್ತನಾಳಕ್ಕೆ ಚಿಮುಟ ಹಾಕಿ ಇಪ್ಪತ್ತೆರಡು ನಿಮಿಷ ರಕ್ತ ನಿಲ್ಲಿಸಿದರು. ಜೀವಮಾನದಲ್ಲಿ ಸಿಕ್ಕ ರಜೆ ಅದೊಂದೇ, ಖುಷಿಯಾಗಲಿಲ್ಲ. ನರ್ಸು ನಿಮಿಷ ಎಣಿಸಿ ಹೇಳುತ್ತಿದ್ದಳು, ಡಾಕ್ಟರು ಕೊರೆಯುತ್ತಿದ್ದರು, ಹೊಲಿಯುತ್ತಿದ್ದರು. ಚಿಮುಟ ತೆಗೆದಾಗ ನಾನು ಮುಕ್ಕಾಲು ಉಳಿದಿದ್ದೆ.

ಎರಡು ದಿನ ಕೈಕಾಲು ಆಡಲಿಲ್ಲ. ನನಗೆ ಅವಿಲ್ಲ, ಆದರೂ. ನಾನು ಸೋಸದೆ ಬಿಟ್ಟ ಕಸ, ಡಾಕ್ಟರ ಲೆಕ್ಕದ ಕ್ರಿಯಾಟಿನಿನ್, ರಕ್ತದಲ್ಲಿ ಏರಿತು. ಮಂಚೇಗೌಡ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಉಚ್ಚೆಯ ಚೀಲವನ್ನೇ ದಿಟ್ಟಿಸುತ್ತಿದ್ದ.

"ನೀರು ಬರ್ದಿರೋ ನಲ್ಲಿ ನೋಡ್ದಂಗೆ ನೋಡ್ಬ್ಯಾಡ. ಅದು ನಾಚ್ಕೋತದೆ," ಎಂದಳು ನಿಂಗಾಜಮ್ಮ.

ಮೂರನೇ ದಿನ ಅವನು ಟೀ ತರಲು ಹೋದಾಗ ಚೀಲ ತುಂಬಿಸಿದೆ.

ಕೊರೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲವೆಂದು ರಿಪೋರ್ಟು ಬಂತು. ಈಗ ಆರು ವರ್ಷ. ಗಡ್ಡೆ ಮತ್ತೆ ಕಂಡಿಲ್ಲ. ಕ್ರಿಯಾಟಿನಿನ್ ಮೊದಲಿಗಿಂತ ಒಂಚೂರು ಮೇಲೆ ಹೋಗಿ ಅಲ್ಲೇ ಕೂತಿದೆ. ಎಲ್ಲರಿಗೂ ಹೀಗಾಗುವುದಿಲ್ಲ ಎನ್ನುತ್ತಾರೆ ಡಾಕ್ಟರು. ನನಗೂ ವಯಸ್ಸಾಯಿತು, ಹೊಲಿಗೆಯ ಜಾಗ ಗಂಟುಗಟ್ಟಿದೆ, ಕೆಲಸ ನಿಧಾನ.

ವರ್ಷಕ್ಕೊಮ್ಮೆ ಸ್ಕ್ಯಾನಿಗೆ ಹೋಗುತ್ತೇವೆ. ದಾರಿಯಲ್ಲಿ ಡಯಾಲಿಸಿಸ್ ವಾರ್ಡಿನ ಬಾಗಿಲು ಸಿಗುತ್ತದೆ. ನಿಂಗಾಜಮ್ಮ ಅಲ್ಲಿ ನಿಲ್ಲುವುದಿಲ್ಲ. ನಾನೂ ನಿಂತಿಲ್ಲ.