ಕೋಲಿನ ತುದಿಯ ಗಂಟೆ

ಕಿಣ್ ಎಂದಿತು, ಒಂದೇ ಸಲ, ಅದೂ ಪೂರ್ತಿ ಅಲ್ಲ, ಯಾರೋ ಬೆರಳಿಟ್ಟು ಅರ್ಧಕ್ಕೇ ಅಡಗಿಸಿದ ಹಾಗೆ — ಅವಳು ತೆರೆದಿದ್ದ ಕಣ್ಣನ್ನು ಮುಚ್ಚಿದಳು, ಕಣ್ಣು ಮುಚ್ಚಿದರೆ ಕಿವಿ ಇನ್ನಷ್ಟು ಅಗಲವಾಗುತ್ತದೆ ಎಂದು ಗೊತ್ತಿದ್ದೂ. ನಡುಮನೆಯಿಂದ ಬಂದ ಸದ್ದು. ಬಾಗಿಲ ಹಿಂದಿನ ಮೂಲೆಯಲ್ಲಿ ಭಾವನ ಹೊಸ ಗಾಳದ ಕೋಲು ಒರಗಿದೆ, ಅದರ ತುದಿಗೆ ಅಪ್ಪನ ಗಂಟೆ, ಗಾಳಿಗೆ ಆಡಿರಬೇಕು, ಆದರೆ ಕಿಟಕಿ ಮುಚ್ಚಿದವಳು ಅವಳೇ, ಚಿಲಕ ಹಾಕಿ ಒಮ್ಮೆ ಎಳೆದೂ ನೋಡಿದವಳು, ಇಲಿ ಇರಬಹುದು, ಇಲಿ ಗಾಳದ ಕೋಲು ಹತ್ತುತ್ತದೆಯೇ, ಎರೆಹುಳುವಿನ ವಾಸನೆಗೆ ಹತ್ತಿದರೂ ಹತ್ತೀತು. ಪಕ್ಕದಲ್ಲಿ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ಇವನ ನಿದ್ದೆ ಎಂದರೆ ಬಾವಿಗೆ ಬಿದ್ದ ಕಲ್ಲು, ತನ್ನ ಅಣ್ಣ, ಈ ಭಾವ, ಬದುಕಿ ಬಂದ ಈ ರಾತ್ರಿಯೂ ಹಾಗೇ. ಬದುಕಿ ಬಂದ. ಹಾಗೆ ಈ ಮನೆಯಲ್ಲಿ ಯಾರೂ ಅನ್ನಲಿಲ್ಲ, ಅನ್ನಬೇಕಾದರೆ ಸಾವು ಎಷ್ಟು ಹತ್ತಿರ ಬಂದಿತ್ತು ಎಂದು ಗೊತ್ತಿರಬೇಕಲ್ಲ, ಗೊತ್ತಿರುವುದು ಇಬ್ಬರಿಗೆ, ಒಬ್ಬ ಭಾವ, ಇನ್ನೊಬ್ಬಳು ತಾನು, ಮೂರನೆಯದು ಆ ಗಂಟೆ.

ಗಂಟೆ ಎಂದರೆ ಅಂಥ ಗಂಟೆಯೂ ಅಲ್ಲ, ಕೋಟಿನ ಗುಂಡಿಯಷ್ಟಿರುವ ಹಿತ್ತಾಳೆಯ ಬಟ್ಟಲು, ಯಾವುದೋ ಅಲಾರಂ ಗಡಿಯಾರದ ಹೊಟ್ಟೆಯಿಂದ ಅಪ್ಪ ಬಿಚ್ಚಿ ತೆಗೆದದ್ದು, ಒಳಗೆ ನಾಲಗೆಗೆಂದು ಸೀಸದ ಗುಂಡು, ಕೆಳಗೆ ಸ್ಪ್ರಿಂಗಿನ ಕ್ಲಿಪ್ಪು, ಮೀನು ಎಳೆದರೆ ಕೋಲಿನ ತುದಿ ಬಾಗಬೇಕು, ಬಾಗಿದರೆ ಇದು ಆಡಬೇಕು. ವಾರವಿಡೀ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಊರಿನವರ ಕೈಗಡಿಯಾರ ರಿಪೇರಿ ಮಾಡುವವನು ರಜೆಯ ದಿನ ಅವಳ ಕೈಹಿಡಿದು ಸೇತುವೆಯ ಪಕ್ಕ ಇಳಿಯುತ್ತಿದ್ದ, ಆಮೇಲೆ ದಾರಿ ಇಲ್ಲ, ತಲೆ ಮುಳುಗುವಷ್ಟು ಎತ್ತರದ ಜೊಂಡು, ಜೊಂಡಿನ ಮೇಲೆ ಹಬ್ಬಿದ ಮುಳ್ಳುಬಳ್ಳಿ, ಬಿದ್ದ ಮರದ ಅಡಿಗೆ ಹೊಟ್ಟೆಯ ಮೇಲೆ ತೆವಳಬೇಕು, ಬಾಗಿಸು, ಮುರೀಬೇಡ ಮಗಳೇ, ನಾವು ಹೋದ ಮೇಲೆ ಗಿಡ ನಮ್ಮನ್ನ ಮರೀಬೇಕು, ಪ್ರತಿ ಸಲ ಬೇರೆ ಕಡೆಯಿಂದ ನುಗ್ಗು, ದಾರಿ ಬಿದ್ದರೆ ಊರು ಬರುತ್ತೆ. ನುಗ್ಗಿ ಆಚೆ ಹೋದರೆ ಒಂದು ಕೋಣೆಯಷ್ಟು ಜಾಗ, ಮೂರು ಕಡೆ ಹಸಿರು ಗೋಡೆ, ನಾಲ್ಕನೆಯ ಕಡೆ ನದಿ, ಕರಿ ನೀರು, ಮಾತಾಡದ ನೀರು. ಆದರೆ ದಂಡೆ ಮೋಸದ್ದು, ಮೇಲೆ ಹುಲ್ಲು, ಅಡಿಯಲ್ಲಿ ನದಿ ಮಣ್ಣನ್ನು ತಿಂದು ಟೊಳ್ಳು ಮಾಡಿದೆ, ಬರೀ ಬೇರಿನ ಮೇಲೆ ನೆಲ ನಿಂತಿದೆ, ಅದಕ್ಕೇ ಅಪ್ಪ ಒಂದು ಪೊದೆಯ ಕೊಂಬೆಗೆ ಹಳೆಯ ಕೈಗಡಿಯಾರದ ಚರ್ಮದ ಪಟ್ಟಿಯನ್ನು ಬಕಲ್ ಹಾಕಿ ಬಿಗಿದಿದ್ದ, ನೋಡು, ಈ ಪಟ್ಟಿಯಿಂದಾಚೆ ನೆಲ ಇಲ್ಲ, ಇದ್ದ ಹಾಗೆ ಕಾಣುತ್ತೆ ಅಷ್ಟೇ. ಪ್ರತಿ ವರ್ಷ ನೆರೆ ಇಳಿದ ಮೇಲೆ ಕಬ್ಬಿಣದ ಸರಳಿನಿಂದ ನೆಲ ಚುಚ್ಚಿ ನೋಡಿ ಪಟ್ಟಿಯನ್ನು ಹಿಂದಿನ ಪೊದೆಗೆ ಸರಿಸುತ್ತಿದ್ದ, ನದಿ ಒಂದು ಹೆಜ್ಜೆ ಮುಂದೆ ಬಂದರೆ ನಾವು ಎರಡು ಹೆಜ್ಜೆ ಹಿಂದೆ, ಅದರಲ್ಲೇನು ಅವಮಾನ. ಅಪ್ಪ ಹೋದ ಮೇಲೆ ಎರಡು ವರ್ಷ ಅವಳೇ ಸರಿಸಿದಳು. ಈ ವರ್ಷ ಸರಿಸಲಿಲ್ಲ. ಸರಿಸಲಿಲ್ಲ ಎಂದರೆ ಮರೆತಳೇ, ಇಲ್ಲ, ಅಚ್ಚುಕೂಟದಲ್ಲಿ ಕರಡು ತಿದ್ದುವವಳಿಗೆ ಮರೆವು ಎಂಬ ಸೌಕರ್ಯವಿಲ್ಲ, ಈ ವರ್ಷ ಆ ಜಾಗ ಅವಳದಾಗಿ ಉಳಿದಿರಲಿಲ್ಲ.

ಹೇಳಿದವನು ಗಂಡ, ಊಟದ ಹೊತ್ತಿಗೆ, ಅನ್ನ ಕಲಸುತ್ತಾ, ಇವಳಿಗೆ ಒಂದು ಜಾಗ ಗೊತ್ತು ಅಣ್ಣ, ಇವಳಪ್ಪ ಬಚ್ಚಿಟ್ಟಿದ್ದ ಜಾಗ. ಕೈ ಕೊಟ್ಟರೆ ಮೊಳಕೈ ನುಂಗುವ ಜಾತಿ ಭಾವನದು, ಬಸ್ ಡಿಪೋದ ಮೇಲ್ವಿಚಾರಕ, ಅಲ್ಲಿ ಎಲ್ಲರೂ ಅವನನ್ನು ಹಾರ್ನ್ ಎಂದೇ ಕರೆಯುವುದು, ಮನೆಯಲ್ಲೂ ಅದೇ ದನಿ, ತೋರ್ಸು ನಡಿ ಮತ್ತೆ, ಜಾಗ ಏನು ನಿಮ್ಮಪ್ಪ ಹೆತ್ತಿದ್ದಾ. ಅವಳು ಎದುರಿಗೆ ಬಹುವಚನ, ಒಳಗೆ ಏಕವಚನ, ಬನ್ನಿ ಭಾವ ತೋರಿಸ್ತೀನಿ ಎಂದಳು, ಮೊದಲ ಸಲವೇ ಅವನು ಮಚ್ಚು ತಂದ, ಎಡಕ್ಕೊಂದು ಬಲಕ್ಕೊಂದು, ಜೊಂಡು ಬೀಳುವ ಸದ್ದು, ಬಾಗಿಸಿದರೆ ಸಾಕು ಭಾವ ಎಂದರೆ ಬಾಗೋದು ಬಗ್ಗೋದು ಎಲ್ಲ ನಿಮಗೆ, ನನಗಲ್ಲ. ಎರಡನೆಯ ಸಲ ಅಪ್ಪನ ಬಿದಿರು ಕೋಲಿನಿಂದ ಗಂಟೆ ಕಿತ್ತು ತನ್ನ ಹೊಸ ಕೋಲಿಗೆ ಕಚ್ಚಿಸಿಕೊಂಡ, ಕೇಳಲೂ ಇಲ್ಲ. ಅವಳ ಕೆಲಸ ಎರೆಹುಳುವಿನ ಡಬ್ಬ ಹೊರುವುದು, ಹಿಂದೆ ಕೂರುವುದು, ಸುಮ್ನೆ ಕೂತ್ಕೋ, ಹೆಂಗಸರು ಬಾಯಿ ತೆಗೆದರೆ ಮೀನು ಬಾಯಿ ಮುಚ್ಚುತ್ತೆ. ಅತ್ತೆ ನಕ್ಕರು, ಗಂಡ ನಕ್ಕ, ಅವಳೂ ತುಟಿಯ ಒಂದು ತುದಿಯನ್ನು ಮೇಲಕ್ಕೆತ್ತಿದಳು, ಅದು ಈ ಮನೆಗೆ ಅವಳು ಕೊಡುವ ಬಾಡಿಗೆ. ನಿನ್ನೆ ರಾತ್ರಿ ಭಾವ ಹೇಳಿದ, ಮುಂದಿನ ಭಾನುವಾರ ಡಿಪೋದಿಂದ ನಾಲ್ಕು ಜನ ಬರ್ತಾರೆ, ಪೊದೆ ಸವರೋ ಮೆಷಿನ್ನು ಇದೆ ಒಬ್ಬನ ಹತ್ರ, ಅರ್ಧ ದಿನದಲ್ಲಿ ಬೋಳು ಮಾಡಿ ಬಿಡ್ತೀವಿ, ಬೈಕು ದಂಡೆವರೆಗೂ ಹೋಗ್ಬೇಕು, ಸಾಹೇಬರ ಪಾಯಿಂಟ್ ಅಂತ ಬೋರ್ಡ್ ಹಾಕ್ತಾರಂತೆ ನನ್ಮಕ್ಳು. ಬೋಳು ಎಂಬ ಮಾತು ಅವಳ ಹೊಟ್ಟೆಗಿಳಿದು ಅಲ್ಲೇ ಕೂತಿತು, ಬೆಳಿಗ್ಗೆ ಕಾಫಿ ಕುಡಿದರೂ ಏಳಲಿಲ್ಲ.

ಕಿಣ್ — ಮತ್ತೆ. ಈ ಸಲ ಎರಡು. ಇಲಿಯಲ್ಲ. ಒಂದು ನೀರಿನದು, ಎರಡು ಕಸದ್ದು, ಮೂರು ಆಡಿದರೆ ಮೀನು, ಆಗ ಎದ್ದೇಳು ಎನ್ನುತ್ತಿದ್ದ ಅಪ್ಪ, ಗಂಟೆ ಆಡಿದ ಕೂಡಲೇ ಓಡೋನಿಗೆ ಮೀನಿಲ್ಲ ಮಗಳೇ, ಎಣಿಸು. ಎಂಟು ವರ್ಷದವಳು ಮೊಣಕಾಲು ಹಿಡಿದು ಕೂತು ಎಣಿಸುತ್ತಿದ್ದಳು, ಕಾಲು ತಾನಾಗಿ ಎದ್ದರೂ ಎಳೆದು ಕೂರಿಸುತ್ತಿದ್ದಳು, ಅದು ಮೈಗೆ ಹತ್ತಿದ ಪಾಠ, ಅದರದು ತಪ್ಪಲ್ಲ, ಇವತ್ತು ಬೆಳಿಗ್ಗೆ ನಡೆದದ್ದಕ್ಕೆ ಪಾಠದ ಮೇಲೆ ಗೂಬೆ ಕೂರಿಸಬಾರದು. ಬೆಳಿಗ್ಗೆ ಬಿಸಿಲು ಇನ್ನೂ ನೀರಿಗೆ ತಾಗಿರಲಿಲ್ಲ. ಅವಳು ಡಬ್ಬ ಕೆಳಗಿಟ್ಟಳು, ನೆಲ ನೋಡಿದಳು, ನೋಡುವುದೇ ಅವಳ ಕಸುಬು, ಪುಟದ ಮೇಲೆ ಕಣ್ಣು ಹಾಯಿಸಿದರೆ ತಪ್ಪು ತಾನಾಗಿ ಎದ್ದು ಬರುತ್ತದೆ, ಹಾಗೆ ಎದ್ದು ಬಂತು — ಪಟ್ಟಿ ಕಟ್ಟಿದ ಕೊಂಬೆಗಿಂತ ಎರಡು ಹೆಜ್ಜೆ ಈಚೆಗೆ, ಹುಲ್ಲಿನ ನಡುವೆ, ಪೆನ್ಸಿಲ್ಲಿನಲ್ಲಿ ಎಳೆದಂಥ ಸಣ್ಣ ಬಿರುಕು, ಅಂಚಿನಲ್ಲಿ ಹಸಿಮಣ್ಣು. ನದಿ ಬಂದಿದೆ, ಪಟ್ಟಿ ಇನ್ನೂ ಹಳೆಯ ಜಾಗದಲ್ಲೇ ಇದೆ. ಭಾವ ಬಿರುಕಿನ ಈಚೆಗೆ ಕವೆಗೋಲು ನೆಟ್ಟು ಅದರ ಮೇಲೆ ಗಾಳದ ಕೋಲು ಇಟ್ಟ, ದಾರ ನೀರಿಗೆ ಎಸೆದ, ಆಮೇಲೆ ಅದು ಎಲ್ಲಿ ಬಿತ್ತು ನೋಡಬೇಕೆಂದು ಮುಂದೆ ಹೊರಟ, ಪಟ್ಟಿಯನ್ನು ಬೆರಳಿನಿಂದ ತೋರಿಸಿ ಕೇಳಿದ, ನಿಮ್ಮಪ್ಪನ ಗಡಿ ಇದೇ ತಾನೆ, ಇಲ್ಲಿವರೆಗೂ ಏನೂ ಆಗಲ್ವಲ್ಲ? ಅಪ್ಪನ ಗಡಿ ಅದೇ ಭಾವ, ಎಂದಳು. ಸುಳ್ಳಲ್ಲ. ಅಪ್ಪನ ಗಡಿ ಅದೇ. ಕೇಳಿದ ಎರಡನೆಯ ಪ್ರಶ್ನೆಗೆ ಅವಳು ಉತ್ತರ ಕೊಡಲಿಲ್ಲ, ಅವನು ಉತ್ತರಕ್ಕೆ ಕಾಯಲೂ ಇಲ್ಲ, ಹೆಂಗಸಿನ ಮಾತಿಗೆ ಕಾಯುವ ಅಭ್ಯಾಸ ಅವನಿಗಿದ್ದಿದ್ದರೆ — ಇಲ್ಲ, ಇದು ವಕೀಲರ ಮಾತು, ಕಂಡೂ ಕಾಣದ ಹಾಗೆ ಇದ್ದೆ ಎನ್ನು, ನಿನಗೆ ನೀನಾದರೂ ಸರಿಯಾದ ಪದ ಹಾಕು.

ನೆಲ ಸದ್ದೇ ಮಾಡಲಿಲ್ಲ, ಹಳೆಯ ಬಟ್ಟೆ ಹರಿದಂತೆ ಒಂದು ಪರ್ರ್, ಅಷ್ಟೇ, ಹುಲ್ಲು ಹುಲ್ಲಾಗಿಯೇ ಕೆಳಗಿಳಿಯಿತು, ಅದರ ಮೇಲೆ ನಿಂತವನೂ ಇಳಿದ, ಮುಖದಲ್ಲಿ ಭಯಕ್ಕಿಂತ ಮೊದಲು ಸಿಟ್ಟು ಬಂತು, ನನಗೇ ಹೀಗೆ ಮಾಡ್ತೀಯಾ ಎಂಬ ಸಿಟ್ಟು, ಆಮೇಲೆ ಮುಖ ಇರಲಿಲ್ಲ. ಕವೆಗೋಲು ಗಟ್ಟಿ ನೆಲದಲ್ಲಿತ್ತು, ಕೋಲು ಅದರ ಮೇಲಿತ್ತು, ದಾರ ಅವನ ತೋಳಿಗೆ ಸುತ್ತಿಕೊಂಡಿರಬೇಕು, ಕೋಲಿನ ತುದಿ ಬಾಗಿತು, ಗಂಟೆ ಆಡಿತು, ಒಂದು. ಡಬ್ಬ ಅವಳ ಕೈಗೆ ಯಾವಾಗ ಬಂತೋ. ಎರಡು. ಮೂರು, ಮೂರು ಆಡಿದರೆ ಎದ್ದೇಳು, ಎದ್ದೇ ನಿಂತಿದ್ದಾಳೆ, ಕಾಲು ಕೀಳಬೇಕು. ನಾಲ್ಕು. ಬೆರಳು ಡಬ್ಬದ ಅಂಚಿನಲ್ಲಿ ತಣ್ಣಗಿದೆ, ಒಂದು ಹುಳು ಹೊರಗೆ ಬಂದು ಗೆಣ್ಣಿನ ಮೇಲೆ ಹರಿಯುತ್ತಿದೆ, ಐದು, ಆರು, ಎಷ್ಟು ಚೆನ್ನಾಗಿ ಆಡುತ್ತದೆ ಗಂಟೆ, ಅಪ್ಪನ ಕೆಲಸ ಎಂದರೆ ಕೆಲಸ, ಭಾನುವಾರ ಬೋಳು, ಏಳು, ತಲೆ ಮೇಲೆ ಬಂತು, ಅಮ್ಮಾ ಎಂದು ಕೂಗಿತು, ಹಾರ್ನ್ ಅಲ್ಲ, ಯಾವುದೋ ಮಗುವಿನ ದನಿ, ಮತ್ತೆ ಮುಳುಗಿತು, ಎಂಟು, ಒಂಬತ್ತು, ಹತ್ತು ಸಣ್ಣಗೆ, ಹನ್ನೊಂದು ಇನ್ನೂ ಸಣ್ಣಗೆ, ಆಗ ಕಾಲು ಕದಲಿತು. ಹೊಟ್ಟೆಯ ಮೇಲೆ ಮಲಗಿ ಮೀನೆತ್ತಲು ತಂದಿದ್ದ ಕೈಬಲೆಯ ಉದ್ದ ಹಿಡಿಯನ್ನು ಚಾಚಿದಳು, ಅವನು ಹಿಡಿದ, ಬೇರಿಗೆ ಕಾಲು ಕೊಟ್ಟ, ಅವಳು ಎಳೆದಳು, ಹಲ್ಲು ಕಚ್ಚಿ ಎಳೆದಳು, ಅದೂ ನಿಜವೇ, ಅದೂ ಲೆಕ್ಕಕ್ಕೆ ಬರಲಿ. ದಡದಲ್ಲಿ ಕೆಸರು ಕಾರಿಕೊಂಡು ಅವನು ಆಡಿದ ಮೊದಲ ಮಾತು, ನಿಂತ್ಕೊಂಡು ಏನ್ ನೋಡ್ತಾ ಇದ್ದೆ, ಮೂದೇವಿ.

ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಕಥೆಗೆ ಬಾಲ ಬಂದಿತ್ತು, ತಲೆಯೂ ಬಂದಿತ್ತು, ಮೀಸೆ ಇರೋ ಮೀನು ಕಣಮ್ಮ, ನನ್ನ ತೊಡೆ ಗಾತ್ರ, ಬಿಡಬಾರ್ದು ಅಂತ ನಾನೇ ನೀರಿಗೆ ಹಾರ್ದೆ, ಎದೆಮಟ್ಟ ನೀರಲ್ಲಿ ಕಾಲು ಗಂಟೆ ಹೋರಾಟ, ಕೊನೆಗೆ ದಾರ ಕಚ್ಚಿ ಓಡ್ತು ಕಳ್ಳ ನನ್ಮಗಂದು. ಅತ್ತೆ ಕೆನ್ನೆಗೆ ಕೈ ಹಚ್ಚಿದರು, ಈ ವಯಸ್ಸಲ್ಲಿ ನಿನಗೆ ಯಾಕಪ್ಪ ಈ ಸಾಹಸ. ಓರಗಿತ್ತಿ ಸಾರು ಬಡಿಸುತ್ತಾ, ತೊಡೆ ಗಾತ್ರದ್ದಾ, ನೋಡ್ಕೊಳ್ಳಿ, ನಿಮ್ಮ ಡಿಪೋದ ಬಸ್ಸೇ ಯಾವುದೋ ನೀರಿಗಿಳಿದಿತ್ತೇನೋ ಎಂದಳು, ಎಲ್ಲರೂ ನಕ್ಕರು, ಭಾವ ಮಾತ್ರ ನಗದೆ ಇವಳ ಕಡೆ ನೋಡಿದ, ಕೇಳಿ ಇವಳನ್ನ, ಇವಳೇ ಇದ್ಳಲ್ಲ. ಉಳಿದ ಮೂರು ಮುಖಗಳೂ ಅವಳ ಕಡೆ ತಿರುಗಿದವು. ಹೌದು, ಎಂದಳು, ದೊಡ್ಡದಿತ್ತು.

ಕಿಣ್, ಕಿಣ್, ಕಿಣ್ — ಮೂರು. ಅವಳು ಎದ್ದಳು. ನೆಲ ತಣ್ಣಗಿದೆ, ಗಟ್ಟಿ ಇದೆ, ಆದರೂ ಪಾದ ಒಂದೊಂದು ಹೆಜ್ಜೆಯನ್ನೂ ಒತ್ತಿ ನೋಡಿ ಇಡುತ್ತದೆ. ನಡುಮನೆಯಲ್ಲಿ ದೀಪವಿಲ್ಲ, ಬೀದಿಯ ಬೆಳಕು ಬಾಗಿಲ ಸಂದಿಯಿಂದ ಬಂದು ಕುರ್ಚಿಯ ಕಾಲಿನವರೆಗೆ ಬಿದ್ದಿದೆ, ಕುರ್ಚಿಯಲ್ಲಿ ಭಾವ, ತೊಡೆಯ ಮೇಲೆ ಅಡ್ಡಲಾಗಿ ಕೋಲು, ಕ್ಲಿಪ್ಪು ಬಿಡಿಸಲು ನೋಡುತ್ತಿದ್ದಾನೆ, ಬೆರಳು ಜಾರುತ್ತಿವೆ, ಜಾರಿದಾಗಲೆಲ್ಲ ಗಂಟೆ. ಅವಳನ್ನು ಕಂಡು ಬೆಚ್ಚಿದ, ಬೆಚ್ಚಿದ್ದಕ್ಕೆ ಸಿಟ್ಟಾದ, ಏನು, ಕಾವಲಾ? ನೀರು ಕುಡಿಯೋಕೆ ಬಂದೆ ಭಾವ. ಹೂಂ. ಅವನು ಕೋಲಿನ ತುದಿಯನ್ನೇ ನೋಡುತ್ತಾ ಕೇಳಿದ, ಗಂಟೆ ಆಡ್ತಾ ಇತ್ತಲ್ಲ, ನಿಂಗೆ ಕೇಳಿಸ್ತಿತ್ತಾ? ಬಂತು, ಇದಕ್ಕೇ ಇಷ್ಟು ಹೊತ್ತು ಕಿವಿ ತೆರೆದು ಮಲಗಿದ್ದು, ಈಗ ಕೇಳುತ್ತಾನೆ, ನಾಳೆ ಅತ್ತೆ ಕೇಳುತ್ತಾರೆ, ಗಂಡ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳುತ್ತಾನೆ, ಎಷ್ಟು ಹೊತ್ತು ನಿಂತಿದ್ದೆ. ಕೇಳಿಸ್ತು, ಎಂದಳು. ಮತ್ತೆ? ಮೀನು ಅಂದ್ಕೊಂಡೆ ಭಾವ. ಅವನು ಮೂಗಿನಲ್ಲಿ ನಕ್ಕ, ಮೀನಂತೆ, ನಿಮ್ಮಪ್ಪ ಕಲಿಸಿದ್ದೇ ಇಷ್ಟು ನೋಡು, ಮನುಷ್ಯ ಯಾವುದು ಮೀನು ಯಾವುದು ಗೊತ್ತಾಗಲ್ಲ. ಆಮೇಲೆ ದನಿ ಕೆಳಗಿಳಿಯಿತು, ಇಷ್ಟು ಕೆಳಗೆ ಅದು ಇಳಿಯಬಲ್ಲದು ಎಂದು ಅವಳಿಗೆ ಗೊತ್ತಿರಲಿಲ್ಲ, ನಾನು ಕೂಗಿದ್ನಲ್ಲ, ಅದು... ಅದು ಕೇಳಿಸ್ತಾ? ಯಾರಿಗೂ ಹೇಳ್ಬೇಡ. ಡಿಪೋದಲ್ಲಿ ಗೊತ್ತಾದ್ರೆ ಸಾಯೋವರೆಗೂ ಅಮ್ಮಾ ಅಮ್ಮಾ ಅಂತಲೇ ಕರೀತಾರೆ ನನ್ನ. ಆ ದರಿದ್ರ ಜಾಗಕ್ಕೆ ನಾನಿನ್ನು ಬರಲ್ಲ, ಯಾರನ್ನೂ ಕರ್ಕೊಂಡೂ ಹೋಗಲ್ಲ, ಮೀನಿಲ್ಲ ಅಲ್ಲಿ, ಹಾವಿದೆ ಅಂತ ಹೇಳ್ತೀನಿ, ನೀನು ಬಾಯಿ ಮುಚ್ಕೊಂಡಿರು. ಕ್ಲಿಪ್ಪು ಬಿಟ್ಟುಕೊಂಡಿತು. ತಗೋ, ನಿಮ್ಮಪ್ಪಂದು, ಇದರ ಸದ್ದು ಕೇಳಿದ್ರೆ ನಿದ್ದೆ ಬರ್ತಿಲ್ಲ ನಂಗೆ.

ಅವಳು ಅಂಗೈ ಒಡ್ಡಿದಳು, ಗಂಟೆ ಬಿತ್ತು, ಆಡುವ ಮೊದಲೇ ಬೆರಳು ಮುಚ್ಚಿಕೊಂಡವು, ಸದ್ದಾಗಲಿಲ್ಲ. ಅವನು ಬಚ್ಚಿಟ್ಟುಕೊಂಡಿರುವುದು ಒಂದು ಕೂಗು, ಅಷ್ಟೇ, ಅದನ್ನು ಕಾಯಲು ಅವಳಿಗೆ ಇಡೀ ದಂಡೆಯನ್ನು ಹಿಂದಕ್ಕೆ ಕೊಟ್ಟ, ಅವಳು ಬಚ್ಚಿಟ್ಟುಕೊಂಡಿರುವುದು ಏನು ಎಂದು ಕೇಳಲೇ ಇಲ್ಲ, ಜೊಂಡು ಮತ್ತೆ ಬೆಳೆಯುತ್ತದೆ, ಮಚ್ಚಿನ ಗಾಯ ಮುಚ್ಚುತ್ತದೆ, ಗಿಡ ಎಲ್ಲರನ್ನೂ ಮರೆಯುತ್ತದೆ, ಅವಳು ನಾಳೆಯಲ್ಲದಿದ್ದರೆ ನಾಡಿದ್ದು ಹೋಗಿ ಸರಳಿನಿಂದ ನೆಲ ಚುಚ್ಚಿ ಪಟ್ಟಿಯನ್ನು ಹಿಂದೆ ಸರಿಸುತ್ತಾಳೆ, ಒಬ್ಬಳೇ. ಹೇಳೋಲ್ಲ ಭಾವ, ಎಂದಳು, ಅವನು ಎದ್ದು ಹೋದ, ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಹೇಳುವುದಿಲ್ಲ, ಅವನ ಕೂಗನ್ನೂ ಇಲ್ಲ, ಬಿರುಕನ್ನೂ ಇಲ್ಲ, ಗಂಡನಿಗಿಲ್ಲ, ಅಪ್ಪ ಇದ್ದಿದ್ದರೆ ಅಪ್ಪನಿಗೂ ಇಲ್ಲ, ಎಣಿಸು ಎಂದಿದ್ದನಲ್ಲ, ಮೂರರವರೆಗೆ ತಾನೇ ನಾನು ಎಣಿಸಲು ಹೇಳಿದ್ದು, ಎಂದು ಅಪ್ಪ ಭೂತಗನ್ನಡಿ ಸರಿಸಿ ನೋಡುತ್ತಾನೆ, ಮುಷ್ಟಿ ಬಿಗಿಯಾಗಿದೆ, ಹಿತ್ತಾಳೆ ಬೆವರಿನಲ್ಲಿ ಬೆಚ್ಚಗಾಗಿದೆ, ಮನೆ ಸದ್ದಿಲ್ಲದೆ ಮಲಗಿದೆ, ಅವಳೊಳಗೆ ಕೋಲಿನ ತುದಿ ಬಾಗುತ್ತದೆ, ಗಂಟೆ ಆಡುತ್ತದೆ, ನಾಲ್ಕು —